ರ‍್ಯಾಮ್‌ಗೆ ಬೆಸುಗೆ ಸರಿ, ಬ್ಯಾಟರಿಗೆ ಅಂಟು ಯಾಕೆ?

ಜೂನ್ ಬಂತೆಂದರೆ ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಗಳಲ್ಲಿ ಕಾಲೇಜು ಮಕ್ಕಳ ಲ್ಯಾಪ್‌ಟಾಪ್ ವ್ಯಾಪಾರ ಜೋರು. ದಿನಾ ರೈಲಿನಲ್ಲಿ ನಿಂತು ಮಂಗಳೂರಿಗೆ ಹೋಗುವವರಿಗೆ ತೆಳ್ಳಗಿನದೇ ಬೇಕು. ಮನೆಯಲ್ಲಿ ತಿಳಿದವರೆನಿಸಿಕೊಂಡ ಒಬ್ಬ ಭಾವ ಇದ್ದೇ ಇರುತ್ತಾನೆ, ಅವನದು ಬೇರೆ ವಾದ: “ರ‍್ಯಾಮನ್ನು ಬೋರ್ಡಿಗೇ ಬೆಸೆದು ಮಾರುವುದು ಕಂಪನಿಗಳ ಮೋಸ. ಬಿಚ್ಚಿ ಬದಲಿಸಲು ಬರುವುದನ್ನೇ ತಗೊಳ್ಳಿ.” (ರ‍್ಯಾಮ್ ಎಂದರೆ ಕೆಲಸ ನಡೆಯುವಾಗ ಪ್ರೊಸೆಸರ್ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ.) ಭಾವನ ಮಾತು ಅರ್ಧ ಸರಿ. ತಪ್ಪಾದ ಅರ್ಧದಲ್ಲಿ ಸೊಗಸಾದ ಭೌತವಿಜ್ಞಾನ ಇದೆ.

ಅಮೆರಿಕದ ನೌಕಾಪಡೆಯಲ್ಲಿದ್ದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ತಮ್ಮ ಭಾಷಣಗಳಲ್ಲಿ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ, ಬೆಳಕು ಹೋಗುವುದು ಅಷ್ಟೇ ದೂರ. ಸೆಮೋರ್ ಕ್ರೇ 1976ರಲ್ಲಿ ಹೊರತಂದ ಕ್ರೇ-1 ಸೂಪರ್ ಕಂಪ್ಯೂಟರನ್ನು ಕುದುರೆ ಲಾಳದ ಹಾಗೆ ಬಾಗಿಸಿ ನಿಲ್ಲಿಸಿದ್ದು ಚಂದಕ್ಕಲ್ಲ. ಒಳಗಿನ ಯಾವ ತಂತಿಯೂ ನಾಲ್ಕು ಅಡಿ ಮೀರಬಾರದೆಂದು. ಐದು ಟನ್ನಿನ ಆ ಯಂತ್ರಕ್ಕೆ ನಾಲ್ಕು ಅಡಿ ಸಾಕಾಗುತ್ತಿತ್ತು. ಇಂದಿನ ಲ್ಯಾಪ್‌ಟಾಪಿಗೆ ನಾಲ್ಕು ಇಂಚೂ ದುಬಾರಿ.

ಲೆಕ್ಕ ನೋಡಿ. 6400 ವೇಗದ ಮೆಮೊರಿಗೂ ಪ್ರೊಸೆಸರಿಗೂ ನಡುವಿನ ಒಂದೊಂದು ತಂತಿಯ ಮೇಲೂ ಸೆಕೆಂಡಿಗೆ 640 ಕೋಟಿ ಬಿಟ್‌ಗಳು ಓಡುತ್ತವೆ. ಒಂದು ಬಿಟ್ಟಿನ, ಅಂದರೆ 0 ಇಲ್ಲವೇ 1 ಎಂಬ ಸಂಕೇತದ, ಆಯುಷ್ಯ ಸುಮಾರು 0.156 ನ್ಯಾನೋಸೆಕೆಂಡ್. ಸರ್ಕ್ಯೂಟ್ ಬೋರ್ಡಿನಲ್ಲಿ ಸಂಕೇತದ ವೇಗ ಬೆಳಕಿನ ಅರ್ಧದಷ್ಟು. ಅಂದರೆ ಅಷ್ಟು ಹೊತ್ತಿನಲ್ಲಿ ಅದು ಸಾಗುವುದು ಬರೀ 2.3 ಸೆಂಟಿಮೀಟರ್. ಹಿಂದಿನ ಬಿಟ್ ಮುಟ್ಟುವ ಮೊದಲೇ ಮುಂದಿನದು ಹೊರಟಿರುತ್ತದೆ. ಇಂಥ ತಂತಿಗಳು ಸಾಮಾನ್ಯವಾಗಿ 128, ಎಲ್ಲವೂ ಲಯ ತಪ್ಪದೆ ಬರಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಇದು ಬೇಗ ಅರ್ಥವಾದೀತು: ಚೆಂಡೆ ರಂಗಸ್ಥಳದಲ್ಲಿ, ಮದ್ದಳೆ ಗದ್ದೆಯಾಚೆ ನೂರು ಮೀಟರ್ ದೂರದಲ್ಲಿ ಇದ್ದರೆ, ಇಬ್ಬರೂ ತಾಳ ತಪ್ಪದೆ ನುಡಿಸಿದರೂ ಭಾಗವತರ ಕಿವಿಗೆ ಮದ್ದಳೆಯ ಪೆಟ್ಟು 0.3 ಸೆಕೆಂಡ್ ತಡ. ವಿಳಂಬದಲ್ಲಿ ಹೇಗೋ ಸುಧಾರಿಸಬಹುದು. ಯುದ್ಧದ ಪದ್ಯದಲ್ಲಿ ಆಟ ಕೆಟ್ಟಿತು. ಸಾಲದ್ದಕ್ಕೆ, ಬಿಚ್ಚಿ ಬದಲಿಸುವ ಮೆಮೊರಿಯನ್ನು ಸಿಕ್ಕಿಸುವ ಸಾಕೆಟ್ಟಿನ ಪ್ರತಿ ಸಂಪರ್ಕದಲ್ಲೂ ಸಂಕೇತದ ಒಂದು ಪಾಲು ಹಿಂದಕ್ಕೆ ಪುಟಿದು ಬಂದು ಮುಂದಿನ ಬಿಟ್ಟನ್ನು ಕೆಡಿಸುತ್ತದೆ. ಬೆಸೆದ ಮೆಮೊರಿಗೆ ಈ ತಾಪತ್ರಯ ಕಡಿಮೆ, ವಿದ್ಯುತ್ತೂ ಕಡಿಮೆ ಸಾಕು.

ಭಾಗಗಳನ್ನು ಬಿಚ್ಚಿ ಬದಲಿಸುವ ಲ್ಯಾಪ್‌ಟಾಪಿನಿಂದಲೇ 2021ರಲ್ಲಿ ಹೆಸರು ಮಾಡಿದ ಫ್ರೇಮ್‌ವರ್ಕ್ ಕಂಪನಿ ಕೂಡ 2025ರಲ್ಲಿ ಘೋಷಿಸಿದ ಡೆಸ್ಕ್‌ಟಾಪಿನಲ್ಲಿ ಇದೇ ಕಾರಣಕ್ಕೆ ಮೆಮೊರಿಯನ್ನು ಬೆಸೆಯಿತು. ಇನ್ನು ಇದನ್ನು ಮೋಸ ಎನ್ನುವುದು ಹೇಗೆ? ಚಪ್ಪಟೆಯಾಗಿ ಸ್ಕ್ರೂ ಹಾಕಿ ಕೂರಿಸುವ ಎಲ್‌ಪಿ-ಕ್ಯಾಮ್2 ಎಂಬ ಹೊಸ ಬಗೆಯ ಮೆಮೊರಿ 2024ರಲ್ಲಿ ಲ್ಯಾಪ್‌ಟಾಪುಗಳಿಗೆ ಬಂದಿದೆ. ಬೆಲೆ ಇಳಿದರೆ ಈ ಜಗಳ ತೀರಬಹುದು.

ಸಾಕೆಟ್ಟಿಗೆ ನಮ್ಮ ಕರಾವಳಿಯ ಹವೆಯೂ ಶತ್ರು. ಮಳೆಗಾಲದಲ್ಲಿ ಸ್ಕ್ರೀನ್ ಕಪ್ಪಾದ ಲ್ಯಾಪ್‌ಟಾಪ್ ಕೊಟ್ಟರೆ ರಿಪೇರಿಯ ಹುಡುಗ ಮೊದಲು ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಮತ್ತೆ ಕೂರಿಸುತ್ತಾನೆ. ಎಷ್ಟೋ ಸಲ ಅಷ್ಟಕ್ಕೇ ಜೀವ ಬರುತ್ತದೆ. (ಜಾಸ್ತಿ ಉಜ್ಜಿದರೆ ಲೇಪವೇ ಹೋದೀತು.)

ಇನ್ನು ಭಾವನ ಮಾತಿನ ಸರಿಯಾದ ಅರ್ಧ. ಫೈಲುಗಳನ್ನು ಕಾಪಿಡುವ ಎಸ್‌ಎಸ್‌ಡಿ ಕೇಳಿದ್ದನ್ನು ಹುಡುಕಿ ಕೊಡಲು 50 ಮೈಕ್ರೋಸೆಕೆಂಡ್ ತಗೊಂಡಿತೆನ್ನಿ. ಅಷ್ಟರಲ್ಲಿ ಬೋರ್ಡಿನ ಸಂಕೇತ ಏಳೂವರೆ ಕಿಲೋಮೀಟರ್ ಓಡೀತು, ಕುಂಬಳೆಯಿಂದ ಕಾಸರಗೋಡಿನ ಅರ್ಧಕ್ಕೂ ಹೆಚ್ಚು ದಾರಿ! ಅದನ್ನು ಬೋರ್ಡಿಗೆ ಬೆಸೆದು ನಾಲ್ಕು ಸೆಂಟಿಮೀಟರ್ ಉಳಿಸಿ ಏನು ಸಿಕ್ಕಿತು? ಬ್ಯಾಟರಿಯ ವಿಷಯದಲ್ಲಂತೂ ವೇಗದ ನೆಪವೇ ಇಲ್ಲ. ಲಿಥಿಯಂ-ಅಯಾನ್ ಕೋಶ ಬಳಸದೆ ಇಟ್ಟರೂ ಮುದಿಯಾಗುತ್ತದೆ. ಒಳಗಿನ ಲಿಥಿಯಂ ಸ್ವಲ್ಪಸ್ವಲ್ಪವೇ ಎಲೆಕ್ಟ್ರೋಡಿನ ಮೇಲಿನ ಪದರಕ್ಕೆ ಸೇರಿ ಕೆಲಸಕ್ಕೆ ಬಾರದಾಗುತ್ತದೆ. ಸೆಖೆ ಮತ್ತು ನೂರಕ್ಕೆ ನೂರು ಚಾರ್ಜು ಸೇರಿದರೆ ಇನ್ನೂ ಬೇಗ. ಸವೆದೇ ಸವೆಯುವ ವಸ್ತುವನ್ನು ಅಂಟು ಹಾಕಿ ಕೂರಿಸುವುದಕ್ಕೆ ಮಾತ್ರ ನನ್ನ ತಕರಾರು. ಯುರೋಪಿನ ಒಕ್ಕೂಟದ ನಿಯಮದಂತೆ 2027ರ ಫೆಬ್ರವರಿ 18ರಿಂದ ಇಂಥ ಬ್ಯಾಟರಿಗಳನ್ನು ಬಳಕೆದಾರರೇ ತೆಗೆಯುವಂತಿರಬೇಕು.

“ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೇ ಚಾರ್ಜಿಗಿಡಿ” ಎಂಬ ಉಪದೇಶ ನಿಕಲ್-ಕ್ಯಾಡ್ಮಿಯಂ ಕಾಲದ್ದು. ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಉಪದೇಶ ಮಾತ್ರ ಇನ್ನೂ ಜೀವಂತ.

ತೆಳ್ಳಗಿನದೆಂದರೆ ಹಗುರ ಎಂಬ ನಂಬಿಕೆಯನ್ನೂ ತೂಗಿ ನೋಡಬೇಕು. 2022ರ ಮ್ಯಾಕ್‌ಬುಕ್ ಏರ್ 1.24 ಕಿಲೋ, ಬಿಚ್ಚಲು ಬರುವ ಫ್ರೇಮ್‌ವರ್ಕ್ 13 ಸುಮಾರು 1.3 ಕಿಲೋ. ವ್ಯತ್ಯಾಸ ಒಂದು ಬಾಳೆಹಣ್ಣಿನಷ್ಟೂ ಇಲ್ಲ. ಫ್ರೇಮ್‌ವರ್ಕ್ ನಮ್ಮ ಪೇಟೆಯ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ, ಸರಿ. ಆದರೆ ಹಿಂಬದಿಯ ಮುಚ್ಚಳ ಸಾದಾ ಸ್ಕ್ರೂಗಳಿಂದ ಬಿಚ್ಚುವ, ಬ್ಯಾಟರಿಗೂ ಸ್ಕ್ರೂ ಇರುವ, ಎಸ್‌ಎಸ್‌ಡಿ ಬದಲಿಸಲು ಬರುವ ತೆಳ್ಳಗಿನ ಮಾಡೆಲ್‌ಗಳು, ಮುಖ್ಯವಾಗಿ ಕಚೇರಿ ಬಳಕೆಗೆಂದು ಮಾಡಿದವು, ಸಿಗುತ್ತವೆ. ಅಂಥದ್ದು ಸಿಕ್ಕರೆ ರ‍್ಯಾಮ್ ಬೆಸೆದಿದ್ದರೂ ಹಿಂಜರಿಯಬೇಡಿ. ಕೊಳ್ಳುವಾಗಲೇ 16 ಜಿಬಿ ಇರುವುದನ್ನು ತಗೊಳ್ಳಿ, ಮುಂದೆ ಸೇರಿಸಲು ಬಾರದು. ಸದಾ ಪ್ಲಗ್ಗಿನಲ್ಲೇ ಇಡುವವರು ಸೆಟ್ಟಿಂಗ್‌ನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸಿ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಒತ್ತಬೇಡಿ, ಚುಚ್ಚಬೇಡಿ, ಚಾರ್ಜರ್ ಕಿತ್ತು, ಆಫ್ ಮಾಡಿ ಅಂಗಡಿಗೆ ಕೊಡಿ.