ಎಂಜಿನ್ ದಪ್ಪವೋ, ಹಳಿ ಕಿರಿದೋ?

ಓದುಗರ ಪ್ರಶ್ನೆ: ಮಾದರಿ ರೈಲು ನನ್ನ ಹವ್ಯಾಸ. ಒಒ ಎಂಬ ಸ್ಕೇಲಿನ ಬ್ರಿಟಿಷ್ ಉಗಿ ಎಂಜಿನ್ ಕಿಟ್ ಒಂದನ್ನು ತಿಂಗಳುಗಟ್ಟಲೆ ಕೂತು ಜೋಡಿಸಿದೆ. ಹಳಿ ಮಾತ್ರ ಎಚ್‌ಒ ಎಂಬ ಇನ್ನೊಂದು ಸ್ಕೇಲಿನದು. ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಆದರೆ ಎದುರಿನಿಂದ ನೋಡಿದರೆ ಏನೋ ಸರಿಯಿಲ್ಲ. ದಪ್ಪ ಮನುಷ್ಯ ಕಾಲು ಜೋಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ತಪ್ಪು ಕಿಟ್‌ನದೋ, ಹಳಿಯದೋ, ನಾನು ಜೋಡಿಸಿದ ರೀತಿಯದೋ?

ಉತ್ತರ: ಮೂರೂ ಅಲ್ಲ. ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ನೀವು ಕಂಡ ತಪ್ಪಿಗೆ ಹೆಚ್ಚುಕಡಿಮೆ ನೂರು ವರ್ಷ ವಯಸ್ಸು. ಅದನ್ನು ಗೊತ್ತಿದ್ದೇ ಮಾಡಿದರು.

ಸ್ಕೇಲ್ ಮತ್ತು ಗೇಜ್ ಎರಡೂ ಒಂದೇ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸ್ಕೇಲ್ ಅಂದರೆ ನಿಜವಾದ ರೈಲನ್ನು ಎಷ್ಟು ಪಟ್ಟು ಕುಗ್ಗಿಸಿದ್ದೇವೆ ಎಂಬುದು. ಗೇಜ್ ಅಂದರೆ ಎರಡು ಹಳಿಗಳ ಒಳಮೈ ನಡುವಿನ ಅಂತರ, ಅಷ್ಟೇ. ಎರಡೂ ಒಂದಕ್ಕೊಂದು ಹೊಂದಬೇಕು ಅಂತ ನಾವು ಬಯಸುತ್ತೇವೆ. ಹೊಂದಲೇಬೇಕು ಅಂತ ಯಾರೂ ಕಟ್ಟುಪಾಡು ಹಾಕಿಲ್ಲ.

ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಬ್ರಿಟನ್, ಅಮೆರಿಕಗಳಲ್ಲಿ ಸಾಮಾನ್ಯವಾದ ಸ್ಟ್ಯಾಂಡರ್ಡ್ ಗೇಜ್ ಹಳಿಯ ಅಂತರ 1435 ಮಿ.ಮೀ. ಎಚ್‌ಒ ಸ್ಕೇಲ್ 1:87.1. ಭಾಗಿಸಿದರೆ 16.5 ಮಿ.ಮೀ. ಬರುತ್ತದೆ. ಎಚ್‌ಒ ಹಳಿಯ ಅಂತರವೂ 16.5. ಸರಿಹೋಯಿತು. ಈಗ ಒಒ ನೋಡಿ. ಅದರ ಸ್ಕೇಲ್ 1:76.2, ಅಂದರೆ ಒಂದು ಅಡಿಗೆ 4 ಮಿ.ಮೀ. ಅದೇ 1435ನ್ನು ಭಾಗಿಸಿದರೆ 18.83 ಮಿ.ಮೀ. ಬರಬೇಕು. ಆದರೆ ಒಒ ಎಂಜಿನ್ನುಗಳೂ ಅದೇ 16.5 ಮಿ.ಮೀ. ಹಳಿಯ ಮೇಲೆಯೇ ಓಡುತ್ತವೆ. ಹಿಂದುಮುಂದಾಗಿ ಗುಣಿಸಿ ನೋಡಿ: 16.5 ಗುಣಿಸು 76.2 ಅಂದರೆ 1257 ಮಿ.ಮೀ. ನಿಮ್ಮ ಎಂಜಿನ್ ನಿಂತಿರುವುದು ನಾಲ್ಕು ಅಡಿ ಒಂದೂವರೆ ಇಂಚಿನ ಹಳಿಯ ಮೇಲೆ. ನಿಜವಾದದ್ದಕ್ಕಿಂತ ಏಳು ಇಂಚು ಕಮ್ಮಿ. ಮಾದರಿಯಲ್ಲಿ ಇದು ಬರೀ ಎರಡೂಕಾಲು ಮಿ.ಮೀ. ಚಿಲ್ಲರೆ, ಆದರೂ ಎದುರಿನಿಂದ ನೋಡಿದರೆ ಕಣ್ಣಿಗೆ ಕುಕ್ಕುತ್ತದೆ, ಅಲ್ವಾ?

ಹೀಗೇಕೆ ಮಾಡಿದರು? ಮೊದಲು ಹೆಸರಿನ ಕತೆ. ಹಳೆಯ ಆಟಿಕೆ ರೈಲುಗಳ ಗೇಜುಗಳಿಗೆ 1, 2, 3 ಎಂದು ಸಂಖ್ಯೆ ಇತ್ತು. 1ಕ್ಕಿಂತ ಚಿಕ್ಕದು ಬಂದಾಗ ಅದಕ್ಕೆ ಸೊನ್ನೆ ಅಂದರು. ಅದಕ್ಕಿಂತಲೂ ಚಿಕ್ಕದಕ್ಕೆ ಎರಡು ಸೊನ್ನೆ. ಹಾಗಾಗಿ ನಾವು 'ಒಒ' ಅನ್ನುವುದು ನಿಜಕ್ಕೂ ಸೊನ್ನೆ ಸೊನ್ನೆ. ಬ್ರಿಟನ್ನಿನಲ್ಲಿ ಸೊನ್ನೆ ಸ್ಕೇಲಿಗೆ ಒಂದು ಅಡಿಗೆ 7 ಮಿ.ಮೀ. ಲೆಕ್ಕ. ಅದರ ಅರ್ಧ 3.5 ಮಿ.ಮೀ. ಹಾಫ್ ಸೊನ್ನೆ, ಅದೇ ಎಚ್‌ಒ.

1920ರ ದಶಕದಲ್ಲಿ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕ ರೈಲುಗಳು ಬಂದವು. ಹಳಿಗೆ 16.5 ಮಿ.ಮೀ. ಅಂತರ ನಿಂತುಬಿಟ್ಟಿತು. ಯುರೋಪ್ ಮತ್ತು ಅಮೆರಿಕದ ರೈಲುಗಳು ಮೈದುಂಬಿದವು. ಯುರೋಪಿನ ಗಾಡಿ ಮೂರು ಮೀಟರಿಗಿಂತ ಅಗಲ ಇರಬಹುದು. ಬ್ರಿಟನ್ನಿನ ಹಳೆಯ ಸುರಂಗ, ಸೇತುವೆಗಳೆಲ್ಲ ಇಕ್ಕಟ್ಟು. ಅಲ್ಲಿನ ಎಂಜಿನ್ ಅಗಲ ಸುಮಾರು 2.7 ಮೀಟರಿಗೆ ನಿಂತುಬಿಡುತ್ತದೆ. ಅದನ್ನು 87 ಪಟ್ಟು ಕುಗ್ಗಿಸಿದರೆ ಒಳಗೆ ಉಳಿಯುವ ಜಾಗ ಏನೇನೂ ಸಾಲದು. ಆ ಕಾಲದ ಮೋಟಾರುಗಳೋ, ಗುಂಡುಗುಂಡಾಗಿದ್ದವು. ಹಿಡಿಸಲಿಲ್ಲ. ಹಳಿಯನ್ನು ಹಾಗೇ ಬಿಟ್ಟು ಎಂಜಿನ್ನಿನ ಮೈಯನ್ನು ಮಾತ್ರ ಒಂದಿಷ್ಟು ಹಿಗ್ಗಿಸಿದರು. 1938ರಲ್ಲಿ ಹಾರ್ನ್‌ಬಿ ಕಂಪನಿಯ ಡಬ್ಲೋ ಆಟಿಕೆ ರೈಲು ಬಂದ ಮೇಲೆ ಈ ಜೋಡಿ ಬ್ರಿಟನ್ನಿನಲ್ಲಿ ಗಟ್ಟಿಯಾಯಿತು. ಆಮೇಲೆ ಮೋಟಾರು ಚಿಕ್ಕದಾಯಿತು. ಅಷ್ಟರಲ್ಲಿ ಮನೆಮನೆಯಲ್ಲೂ 16.5ರ ಹಳಿ. ಯಾರು ಕಿತ್ತು ಹಾಕುತ್ತಾರೆ?

ಇನ್ನೊಂದು ಕಾರಣವೂ ಇದೆ. ಅದನ್ನು ಜಾಸ್ತಿ ಜನ ಹೇಳುವುದಿಲ್ಲ. ಮಾದರಿ ಚಕ್ರಗಳು ಸ್ಕೇಲಿಗಿಂತ ತುಂಬಾ ದಪ್ಪ. ಎಚ್‌ಒದಲ್ಲಿ ಸಾಮಾನ್ಯವಾಗಿ ಸಿಗುವ ಚಕ್ರದ ಅಗಲ 2.79 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ ಸುಮಾರು 243 ಮಿ.ಮೀ. ನಿಜವಾದ ಚಕ್ರದ ಅಗಲ 135ರಿಂದ 145ರ ಆಸುಪಾಸು. ಇಂಥ ದಪ್ಪ ಚಕ್ರವನ್ನು ಸರಿಯಾದ ಗೇಜಿಗೆ ಕೂರಿಸಿದರೆ ಅದು ಹೊರಗೆ ಚಾಚಿಕೊಳ್ಳುತ್ತದೆ. ಆಗ ಹೊರಗಿನ ಸಿಲಿಂಡರು, ರಾಡು ಎಲ್ಲವನ್ನೂ ಇನ್ನೂ ಹೊರಗೆ ತಳ್ಳಬೇಕು. ಗೇಜ್ ಕಿರಿದಾಗಿದ್ದರೆ ಆ ದಪ್ಪ ಒಳಗೇ ಅಡಗುತ್ತದೆ. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿತು, ಅಷ್ಟೇ.

ಈ ಕಾಯಿಲೆ ಒಒಗೆ ಮಾತ್ರ ಅಂದುಕೊಳ್ಳಬೇಡಿ. ಎನ್ ಸ್ಕೇಲಿನ ಹಳಿ 9 ಮಿ.ಮೀ. ಯುರೋಪ್, ಅಮೆರಿಕದಲ್ಲಿ ಅದು 1:160, ಲೆಕ್ಕ ಸರಿ. ಬ್ರಿಟಿಷ್ ಎನ್ 1:148, ಅಲ್ಲೂ ಹಳಿ ಕಿರಿದು. ಜಪಾನಿನದು ತಿರುಗುಮುರುಗು. ಅಲ್ಲಿನ ಸಾಮಾನ್ಯ ರೈಲುಗಳ ಹಳಿ 1067 ಮಿ.ಮೀ. ಅವನ್ನು 1:150ಕ್ಕೆ ಕುಗ್ಗಿಸಿ ಅದೇ 9 ಮಿ.ಮೀ. ಹಳಿಯ ಮೇಲೆ ನಿಲ್ಲಿಸುತ್ತಾರೆ. ಲೆಕ್ಕದ ಪ್ರಕಾರ 7.1 ಸಾಕಿತ್ತು. ಅಲ್ಲಿ ರೈಲು ಕಾಲು ಅಗಲಿಸಿ ನಿಲ್ಲುತ್ತದೆ! ಅಲ್ಲಿನ ಬುಲೆಟ್ ರೈಲು ಶಿಂಕಾನ್ಸೆನ್ ಓಡುವುದು 1435ರ ಹಳಿಯ ಮೇಲೆ. ಹಾಗಾಗಿ ಅದಕ್ಕೆ ಮಾತ್ರ 1:160. ಅಮೆರಿಕದ ಒ ಸ್ಕೇಲ್ 1:48, ಹಳಿ ಒಂದೂಕಾಲು ಇಂಚು. ಗುಣಿಸಿದರೆ ಸರಿಯಾಗಿ ಐದು ಅಡಿ. ಅಲ್ಲಿನ ನಿಜವಾದ ಹಳಿ ನಾಲ್ಕು ಅಡಿ ಎಂಟೂವರೆ ಇಂಚು. ಇನ್ನು 1676 ಮಿ.ಮೀ. ಬ್ರಾಡ್‌ಗೇಜಿನ ಎಂಜಿನ್ನನ್ನು ಎಚ್‌ಒದಲ್ಲಿ ಮಾಡಲು ಹೊರಟವರಿಗೆ ನಿಜಕ್ಕೂ ಬೇಕಾದದ್ದು 19.2 ಮಿ.ಮೀ. ಹಳಿ. ಸಿಗುವುದು 16.5.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸುವುದು ಇದು. ಸ್ಕೇಲಿಗೆ ಪೂರ್ತಿ ಸರಿಯಾದ ಮಾದರಿ ರೈಲು ಇಲ್ಲ. ಇರುವುದು ತಪ್ಪನ್ನು ಎಲ್ಲಿ ಇಡಬೇಕು ಎಂಬ ಆಯ್ಕೆ. ಗೇಜ್ ಮಾತ್ರ ಹಿಡಿದು ಜಗಳ ಆಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಯಾಕೆಂದರೆ ಅವರ ತಿರುವುಗಳನ್ನು ನೋಡಿ. ಆಟಿಕೆ ಸೆಟ್ಟಿನಲ್ಲಿ 'ಎರಡನೇ ತ್ರಿಜ್ಯ' ಅಂತ ಕರೆಯುವ ತಿರುವಿನ ತ್ರಿಜ್ಯ 438 ಮಿ.ಮೀ. ಒಒ ಲೆಕ್ಕದಲ್ಲಿ ಅದು 33 ಮೀಟರ್. ದೊಡ್ಡ ರೈಲು ಅಂಥ ತಿರುವಿನಲ್ಲಿ ಹಳಿ ಮೇಲೆ ಉಳಿಯುವುದೇ ಇಲ್ಲ. 300 ಮೀಟರಿನ ಬಿಗಿ ತಿರುವನ್ನು ಎಚ್‌ಒದಲ್ಲಿ ಪ್ರಾಮಾಣಿಕವಾಗಿ ಹಾಕಲು ಮೂರೂವರೆ ಮೀಟರ್ ತ್ರಿಜ್ಯ ಬೇಕು. ಇಡೀ ಕೋಣೆ ಅದಕ್ಕೇ ಹೋಯಿತು.

ತಿರುವು ಬಿಗಿಯಾದದ್ದಕ್ಕೆ ಬೋಗಿಯೂ ಮೊಟಕಾಯಿತು. ಯುರೋಪಿನ ಉದ್ದ ಬೋಗಿ 26.4 ಮೀಟರ್. 1:87ರಲ್ಲಿ ಸುಮಾರು 303 ಮಿ.ಮೀ. ಆಗಬೇಕು. ಬಿಗಿ ತಿರುವಿನಲ್ಲಿ ಅದರ ಮಧ್ಯಭಾಗ ಒಳಗೆ ವಾಲಿ ಪಕ್ಕದ ಗಾಡಿಗೆ ತಾಗುತ್ತದೆ. ಅದಕ್ಕೇ ಉದ್ದವನ್ನು ಮಾತ್ರ 1:100ಕ್ಕೆ ಕುಗ್ಗಿಸಿ, ಎತ್ತರ ಅಗಲ 1:87ರಲ್ಲೇ ಇಟ್ಟ ಬೋಗಿಗಳನ್ನೂ ಮಾಡಿದರು. 264 ಮಿ.ಮೀ. ಒಂದೇ ಬೋಗಿಯಲ್ಲಿ ಎರಡು ಸ್ಕೇಲ್. ಪೆಟ್ಟಿಗೆ ಮೇಲೆ ಮಾತ್ರ ಎಚ್‌ಒ ಅಂತಲೇ ಇರುತ್ತದೆ. ಹಾಗಾಗಿ ಬೋಗಿ ಕಿಟ್ ಕೊಳ್ಳುವಾಗ ಪೆಟ್ಟಿಗೆಯ ಮಾತು ನಂಬದೆ ಉದ್ದ ಅಳೆದು ನೋಡಿ. ಎರಡು ಜಾತಿಯ ಬೋಗಿಗಳನ್ನು ಒಂದೇ ರೈಲಿಗೆ ಸಿಕ್ಕಿಸಿದರೆ ಬಿಸಿಲಲ್ಲಿ ಒಣಗಿದ ಸೌತೆಕಾಯಿ ಹೊಸದರ ಪಕ್ಕ ಇಟ್ಟ ಹಾಗೆ ಇರುತ್ತದೆ.

ತೂಕದಲ್ಲಂತೂ ಸ್ಕೇಲ್ ಹಿಡಿದರೆ ರೈಲೇ ಓಡುವುದಿಲ್ಲ. ಉದ್ದ 87 ಪಟ್ಟು ಕುಗ್ಗಿದರೆ ತೂಕ ಅದರ ಘನದಷ್ಟು ಕುಗ್ಗುತ್ತದೆ. 80 ಟನ್ನಿನ ಎಂಜಿನ್ ಎಚ್‌ಒದಲ್ಲಿ ಸುಮಾರು 120 ಗ್ರಾಂ ಆಗುತ್ತದೆ. ಅಷ್ಟು ಹಗುರವಾದರೆ ಚಕ್ರ ಸುಮ್ನೆ ತಿರುಗುತ್ತದೆ, ಎಳೆಯುವುದಿಲ್ಲ. ಅದಕ್ಕೇ ಒಳಗೆ ಸೀಸ ತುಂಬುತ್ತೇವೆ. ಎಚ್‌ಒ ಗಾಡಿಗಳಿಗೆ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಘದ ಸರಳ ಲೆಕ್ಕ ಇದೆ: ಮೊದಲು ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಆರು ಇಂಚಿನ ಗಾಡಿ ನಾಲ್ಕು ಔನ್ಸ್, ಅಂದರೆ 113 ಗ್ರಾಂ. ಒಒಗೂ ಈ ಲೆಕ್ಕ ಚೆನ್ನಾಗಿಯೇ ನಡೆಯುತ್ತದೆ.

ಈಗ ನಿಮ್ಮ ಎಂಜಿನ್ನಿಗೆ ಬರೋಣ. ಏನು ಮಾಡಬಹುದು?

ಕಟ್ಟುನಿಟ್ಟಿನ ದಾರಿ ಅಂದರೆ ಗೇಜನ್ನೇ ಬದಲಿಸುವುದು. 4 ಮಿ.ಮೀ. ಸ್ಕೇಲಿನವರಿಗೆ ಎರಡು ಆಯ್ಕೆ: ಇಎಂ, 18.2 ಮಿ.ಮೀ., ಮತ್ತು ಪಿ4, 18.83 ಮಿ.ಮೀ. ನಿಮ್ಮದು ಎಚ್ ಮಾಡಿದ (ರಾಸಾಯನಿಕದಿಂದ ಕೊರೆದ) ಹಿತ್ತಾಳೆ ಚಾಸಿಯ, ಅಂದರೆ ಕೆಳಚೌಕಟ್ಟಿನ, ಕಿಟ್ ಆಗಿದ್ದರೆ ಪೆಟ್ಟಿಗೆಯ ತಳದಲ್ಲಿ ಒಮ್ಮೆ ನೋಡಿ. ಚಾಸಿಯ ಎರಡು ಪಕ್ಕಗಳನ್ನು ದೂರ ಇಡುವ ಅಡ್ಡಪಟ್ಟಿಗಳು ಮೂರು ಅಗಲದಲ್ಲಿ ಇರುವುದುಂಟು. ಒಂದು ಜೊತೆ ನೀವು ಬಳಸಿದ್ದೀರಿ, ಉಳಿದದ್ದು ಯಾಕೆ ಬಂತು ಅಂತ ತಲೆ ಕೆರೆದುಕೊಂಡಿರುತ್ತೀರಿ. ಅವು ಇಎಂ ಮತ್ತು ಪಿ4ಗೆ. ಆದರೆ ಚಕ್ರಗಳನ್ನೆಲ್ಲ ಬದಲಿಸಬೇಕು. ಹಳಿಯನ್ನು, ಅದರಲ್ಲೂ ಪಾಯಿಂಟ್ಸನ್ನು (ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ), ಹೆಚ್ಚಾಗಿ ಕೈಯಲ್ಲೇ ಕಟ್ಟಬೇಕು. ಪಿ4 ಚಕ್ರದ ಅಂಚು ತೀರ ತೆಳು. ಚಕ್ರಗಳಿಗೆ ಮೇಲೆ ಕೆಳಗೆ ಆಡಲು ಅವಕಾಶ ಕೊಡದಿದ್ದರೆ ಸಣ್ಣ ಉಬ್ಬಿಗೂ ಹಳಿ ತಪ್ಪುತ್ತದೆ. ತಿರುವಿಗೂ ಜಾಗ ಜಾಸ್ತಿ ಬೇಕು. ಒಂದು ಎಂಜಿನ್ನಿನ ಆಸೆಗೆ ಇಷ್ಟಕ್ಕೆ ಕೈ ಹಾಕಬೇಡಿ ಅಂತಲೇ ನನ್ನ ಮಾತು.

ಎರಡನೆಯದು, 16.5ರಲ್ಲೇ ಉಳಿದು ಹಳಿಯ ಮುಖ ಬದಲಿಸುವುದು. ನನ್ನ ಓಟು ಇದಕ್ಕೆ. ಯಾಕೆ ಅಂದರೆ ನಾವು ರೈಲನ್ನು ಎದುರಿನಿಂದ ನೋಡುವುದು ಕಮ್ಮಿ, ಪಕ್ಕದಿಂದ ಮತ್ತು ಮೇಲಿನಿಂದ ನೋಡುವುದೇ ಜಾಸ್ತಿ. ಅಲ್ಲಿಂದ ಕಣ್ಣಿಗೆ ಮೊದಲು ಬೀಳುವುದು ಗೇಜ್ ಅಲ್ಲ, ಸ್ಲೀಪರ್, ಅಂದರೆ ಹಳಿಯ ಕೆಳಗಿನ ಅಡ್ಡ ದಿಮ್ಮಿ. ನಿಮ್ಮ ಎಚ್‌ಒ ಹಳಿಯ ಸ್ಲೀಪರುಗಳು ಚಿಕ್ಕವು, ಒತ್ತೊತ್ತಾಗಿ ಇವೆ. ಬ್ರಿಟನ್ನಿನ ಹಳೆಯ ಮರದ ಸ್ಲೀಪರ್ ಎಂಟೂವರೆ ಅಡಿ ಉದ್ದ, ಎರಡೂವರೆ ಅಡಿಗೊಂದು. 4 ಮಿ.ಮೀ. ಲೆಕ್ಕದಲ್ಲಿ 34 ಮಿ.ಮೀ. ಉದ್ದ, 10 ಮಿ.ಮೀ. ಅಂತರ. ಆ ಲೆಕ್ಕಕ್ಕೆ ಮಾಡಿದ 16.5ರ ಹಳಿ ಈಗ ಸಿದ್ಧವಾಗಿಯೂ ಸಿಗುತ್ತದೆ. ಹಳಿಯ ಎತ್ತರವನ್ನೂ ನೋಡಿ. ಕೋಡ್ 100 ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ ನೂರು, 2.54 ಮಿ.ಮೀ. ಅದು ಗೋಡೆ ಎಬ್ಬಿಸಿದ ಹಾಗೆ ಕಾಣುತ್ತದೆ. ಕೋಡ್ 75 ಅಂದರೆ 1.9 ಮಿ.ಮೀ. ಒಒದಲ್ಲಿ ಅದು 145 ಮಿ.ಮೀ. ಎತ್ತರದ ಹಳಿಗೆ ಸಮ. ಬ್ರಿಟನ್ನಿನ ಬುಲ್‌ಹೆಡ್ ಎಂಬ ಹಳೆಯ ನಮೂನೆಯ ಹಳಿಯೂ ಹೆಚ್ಚುಕಡಿಮೆ ಅಷ್ಟೇ. ಹಳಿಯ ಪಕ್ಕಕ್ಕೆ ತುಕ್ಕಿನ ಬಣ್ಣ ಬಳಿದರೆ ಇನ್ನಷ್ಟು ತೆಳ್ಳಗಾಗುತ್ತದೆ. ಜಲ್ಲಿ ಸಣ್ಣದಿರಲಿ, ದಪ್ಪ ಜಲ್ಲಿ ಹಾಕಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಮೂರನೆಯದೂ ಇದೆ: ಮುಂದಿನ ಕಿಟ್ ಎಚ್‌ಒದಲ್ಲಿ ಯುರೋಪಿನದೋ ಅಮೆರಿಕದ್ದೋ ಆಗಲಿ. ಗೇಜಿನ ತಕರಾರೇ ಇರುವುದಿಲ್ಲ. ಆದರೆ ನಿಮಗೆ ಇಷ್ಟವಾದದ್ದು ಬ್ರಿಟಿಷ್ ಎಂಜಿನ್ ಆದರೆ ಇದು ಉತ್ತರವಲ್ಲ, ಜಾರಿಕೊಳ್ಳುವುದು.

ಎರಡೂ ಸ್ಕೇಲ್ ಬೆರೆಸಬಾರದೇ ಅಂತಲೂ ಕೇಳುತ್ತೀರಿ, ಗೊತ್ತು. ಬೋರ್ಡಿನ ಮುಂದಿನ ಸಾಲಿನಲ್ಲಿ ಬೇಡ. ಎರಡು ಮೀಟರ್ ಎತ್ತರದ ಬಾಗಿಲು ಎಚ್‌ಒದಲ್ಲಿ 23 ಮಿ.ಮೀ., ಒಒದಲ್ಲಿ 26. ಅಕ್ಕಪಕ್ಕ ಇಟ್ಟರೆ ತಕ್ಷಣ ಗೊತ್ತಾಗುತ್ತದೆ. ಹಿಂದಿನ ಸಾಲಿನಲ್ಲಿ ಮಾತ್ರ ಎಚ್‌ಒ ಮನೆಗಳನ್ನು ಧಾರಾಳವಾಗಿ ಇಡಿ. ಚಿಕ್ಕದು ದೂರದಲ್ಲಿದ್ದ ಹಾಗೆ ಕಾಣುತ್ತದೆ, ಜಾಗ ದೊಡ್ಡದೆನಿಸುತ್ತದೆ.

ಇಷ್ಟೆಲ್ಲದರ ನಡುವೆ ನಿಜವಾಗಿಯೂ ಬಿಡದೆ ಹಿಡಿಯಬೇಕಾದ ಅಳತೆ ಒಂದೇ. ಒಂದು ಅಚ್ಚಿನ ಎರಡು ಚಕ್ರಗಳ ಬೆನ್ನಿಂದ ಬೆನ್ನಿಗೆ ಇರುವ ಅಂತರ. 16.5ರ ಹಳಿಗೆ ಅದು ಸುಮಾರು 14.5 ಮಿ.ಮೀ. ಇರಬೇಕು. ನನ್ನ ಮೊದಲ ಗೂಡ್ಸ್ ಗಾಡಿ ನೇರ ಹಳಿಯಲ್ಲಿ ರಾಜನ ಹಾಗೆ ಓಡುತ್ತಿತ್ತು, ಪಾಯಿಂಟ್ಸ್ ಬಂದ ಕೂಡಲೇ ಎಗರುತ್ತಿತ್ತು. ಹಳಿಯನ್ನು ಮೂರು ಸಲ ಕಿತ್ತು ಹಾಕಿದೆ. ಕೊನೆಗೆ ಚಕ್ರ ಅಳೆದರೆ 14ಕ್ಕಿಂತ ಕಮ್ಮಿ. ಪಾಯಿಂಟ್ಸಿನಲ್ಲಿ ಎದುರು ಬದಿಯ ಚೆಕ್ ರೈಲ್ (ಹಳಿಯ ಒಳಬದಿಗೆ ಅಂಟಿಕೊಂಡಂತಿರುವ ತುಂಡು ಹಳಿ) ಚಕ್ರದ ಬೆನ್ನನ್ನು ಹಿಡಿದು ಎಳೆದುಕೊಳ್ಳುತ್ತದೆ, ಹಳಿ ಕೂಡುವ ಚೂಪು ತುದಿಗೆ ಇನ್ನೊಂದು ಚಕ್ರದ ಅಂಚು ತಾಗದಿರಲಿ ಅಂತ. ಅಂತರ ಕಮ್ಮಿಯಾದರೆ ಚಕ್ರ ಅಲ್ಲಿ ಸಿಕ್ಕಿಕೊಂಡು ಮೇಲೇಳುತ್ತದೆ. ಜಾಸ್ತಿಯಾದರೆ ಚೆಕ್ ರೈಲ್ ಹಿಡಿಯುವುದೇ ಇಲ್ಲ, ಅಂಚು ಹೋಗಿ ತುದಿಗೆ ಗುದ್ದುತ್ತದೆ.

ನಿಮ್ಮ ಎಂಜಿನ್ ಪಾಯಿಂಟ್ಸ್ ಮೇಲೂ ಸಲೀಸಾಗಿ ಹೋಗುತ್ತಿದ್ದರೆ ಆ ಅಳತೆ ಸರಿ ಇದೆ, ಜೋಡಿಸಿದ್ದೂ ಸರಿ ಇದೆ. ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಪಕ್ಕಕ್ಕೆ ಬಂದು ನಿಂತು ಒಮ್ಮೆ ಓಡಿಸಿ ನೋಡಿ.