ಸೇಫ್ಟಿ ಎಂದ ಮಾತ್ರಕ್ಕೆ ಕುಶನ್ ಮಾಫಿಯಿಲ್ಲ

ಹವ್ಯಾಸಿ ಪೂಲ್ ಟೂರ್ನಮೆಂಟ್‌ಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಅತಿ ಮೆಲ್ಲಗೆ ಆಡಿದ ಶಾಟ್‌ನಿಂದ. ಆಟಗಾರ ‘ಸೇಫ್ಟಿ’ (ಎದುರಾಳಿಗೆ ಸುಲಭದ ಶಾಟ್ ಸಿಗದಂತೆ ಆಡುವ ರಕ್ಷಣೆಯ ಶಾಟ್) ಎನ್ನುತ್ತಾನೆ, ಬಿಳಿ ಚೆಂಡನ್ನು ಹಗುರವಾಗಿ ಉರುಳಿಸಿ ತನ್ನ ಚೆಂಡೊಂದಕ್ಕೆ ತಾಗಿಸುತ್ತಾನೆ, ಎರಡೂ ಅಲ್ಲಲ್ಲೇ ನಿಂತುಬಿಡುತ್ತವೆ. ಎದುರಾಳಿ ಫೌಲ್ ಎಂದರೆ, ‘ಸೇಫ್ಟಿ ಅಂತ ಮೊದಲೇ ಹೇಳಿದ್ನಲ್ಲ!’ ಹೇಳಿದ್ದು ನಿಜ. ಫೌಲ್ ಆಗಿದ್ದೂ ನಿಜ.

ಬಿಳಿ ಚೆಂಡು ಮೊದಲು ತಾಗಬೇಕಾದ ಚೆಂಡಿಗೇ ತಾಗಬೇಕು. ತಾಗಿದ ಮೇಲೆ ಒಂದು ಚೆಂಡು ಪಾಕೆಟ್‌ಗೆ ಬೀಳಬೇಕು, ಇಲ್ಲವೇ ಯಾವುದಾದರೂ ಒಂದು ಚೆಂಡು ಕುಶನ್ (ಟೇಬಲ್ಲಿನ ಒಳ ಅಂಚಿನ ರಬ್ಬರ್ ಪಟ್ಟಿ) ಮುಟ್ಟಬೇಕು. ಮುಟ್ಟಿದ್ದು ಬಿಳಿ ಚೆಂಡೇ ಆದರೂ ಸರಿ. ‘ತಾಗಿದ ಮೇಲೆ’ ಎಂಬುದನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ. ಬಿಳಿ ಚೆಂಡು ಮೊದಲೇ ಒಂದೋ ಎರಡೋ ಕುಶನ್‌ಗೆ ಬಡಿದು ಬಂದು ಗುರಿಯ ಚೆಂಡನ್ನು ಸವರಿ ನಿಂತರೆ, ಆ ಹಿಂದಿನ ಕುಶನ್‌ಗಳು ಲೆಕ್ಕಕ್ಕೆ ಬರುವುದಿಲ್ಲ. ಎಷ್ಟೋ ಚೆಂದದ ಕಿಕ್ ಶಾಟ್‌ಗಳು ಹೀಗೆ ಕೊನೆಯ ಅಂಗುಲದಲ್ಲಿ ವ್ಯರ್ಥವಾಗುತ್ತವೆ, ಎದುರಾಳಿಗೆ ಬಾಲ್ ಇನ್ ಹ್ಯಾಂಡ್, ಅಂದರೆ ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟು ಆಡುವ ಅವಕಾಶ ಸಿಗುತ್ತದೆ.

ಹಾಗಾದರೆ ‘ಸೇಫ್ಟಿ’ ಎಂದು ಹೇಳುವುದರಿಂದ ಸಿಗುವುದೇನು? ಏಯ್ಟ್ ಬಾಲ್‌ನಲ್ಲಿ (ಇಬ್ಬರಿಗೂ ತಮ್ಮ ತಮ್ಮ ಗುಂಪಿನ ಚೆಂಡುಗಳಿರುವ ಆಟ) ಒಂದೇ ಒಂದು: ಆ ಶಾಟ್‌ನಲ್ಲಿ ನಿಮ್ಮ ಚೆಂಡು ಪಾಕೆಟ್‌ಗೆ ಬಿದ್ದರೂ ಸರದಿ ಎದುರಾಳಿಗೆ ಹೋಗುತ್ತದೆ. ಚೆಂಡನ್ನೂ ಬೀಳಿಸಿ, ಅವರನ್ನು ಕಷ್ಟದ ಜಾಗದಲ್ಲೂ ಬಿಡಬೇಕಾದಾಗ ಅದು ಉಪಯೋಗಕ್ಕೆ ಬರುತ್ತದೆ. ನೈನ್ ಬಾಲ್‌ನಲ್ಲಿ (ಟೇಬಲ್ ಮೇಲಿನ ಅತಿ ಚಿಕ್ಕ ಸಂಖ್ಯೆಯ ಚೆಂಡಿಗೇ ಮೊದಲು ತಾಗಿಸಬೇಕಾದ ಆಟ) ಅಂಥ ಘೋಷಣೆಯೇ ಇಲ್ಲ. ಸರಿಯಾದ ಶಾಟ್‌ನಲ್ಲಿ ಅಕಸ್ಮಾತ್ ಚೆಂಡು ಬಿದ್ದರೂ ನೀವೇ ಆಟ ಮುಂದುವರಿಸಬೇಕು. ಕುಶನ್‌ನಿಂದ ವಿನಾಯಿತಿ ಇರುವುದು ನೈನ್ ಬಾಲ್‌ನ ಪುಶ್ ಔಟ್‌ಗೆ (ಯಾವ ಚೆಂಡಿಗೂ ತಾಗಿಸದೆಯೂ ಬಿಳಿ ಚೆಂಡನ್ನು ಬೇಕಾದಲ್ಲಿಗೆ ಸರಿಸಬಹುದಾದ ಶಾಟ್), ಅದೂ ಆಟ ಶುರುಮಾಡುವ ಬ್ರೇಕ್ ಶಾಟ್ ಆದ ಕೂಡಲೇ ಬರುವ ಶಾಟ್‌ನಲ್ಲಿ, ಮೊದಲೇ ಹೇಳಿ ಆಡಿದಾಗ ಮಾತ್ರ. ಗೊಂದಲದ ಮೂಲ ಬಹುಶಃ ಇದೇ ಇರಬೇಕು.

ಕುಶನ್‌ಗೆ ಅಂಟಿಕೊಂಡ ಚೆಂಡಿನದು ಇನ್ನೂ ದೊಡ್ಡ ತಕರಾರು. ಅಂಟಿದ ಚೆಂಡನ್ನು ಮೆಲ್ಲಗೆ ತಟ್ಟಿ, ‘ಕುಶನ್‌ನಲ್ಲೇ ಇತ್ತಲ್ಲ’ ಎನ್ನುವಂತಿಲ್ಲ. ಆ ಚೆಂಡು ಬೇರೊಂದು ಕುಶನ್‌ಗೆ ಹೋಗಬೇಕು, ಅಥವಾ ಅದೇ ಕುಶನ್ ಬಿಟ್ಟು ಮತ್ತೆ ಬಂದು ಮುಟ್ಟಬೇಕು. ಅದಾಗದಿದ್ದರೆ ಬಿಳಿ ಚೆಂಡೋ ಇನ್ನೊಂದೋ ಕುಶನ್ ಸೇರಬೇಕು. ಆದರೆ ಚೆಂಡು ಅಂಟಿದೆ ಎಂದು ಶಾಟ್‌ಗೆ ಮುಂಚೆ ಯಾರೂ ಹೇಳದಿದ್ದರೆ, ಅಂಟಿಲ್ಲ ಎಂದೇ ಲೆಕ್ಕ. ಹಾಗಾಗಿ ಎದ್ದು ಬಂದು ನೋಡಬೇಕಾದವರು ಕುರ್ಚಿಯಲ್ಲಿ ಕೂತಿರುವ ನೀವು. ಇಬ್ಬರೂ ಬಗ್ಗಿ ನೋಡಿ, ‘ಅಂಟಿದೆ’ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳಿ. ಶಾಟ್ ಆದ ಮೇಲೆ ಆಡುವ ಮಾತಿಗೆ ಬೆಲೆಯಿಲ್ಲ.

ಜನ ಅಷ್ಟು ಮೆಲ್ಲಗೆ ಹೊಡೆಯುವುದೇಕೆ? ಬಿಳಿ ಚೆಂಡನ್ನು ಅಡ್ಡ ಇರುವ ಚೆಂಡಿನ ಬೆನ್ನಿಗೇ ಅಂಟಿಸಬೇಕೆಂಬ ಆಸೆ. ಅಷ್ಟೊಂದು ಬೇಕಾಗಿಯೇ ಇಲ್ಲ, ಲೆಕ್ಕ ಹಾಕಿ ನೋಡಿ. ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್. ಎರಡು ಚೆಂಡುಗಳ ನಡುವೆ ಇನ್ನೊಂದು ಚೆಂಡು ಹಿಡಿಸುವಷ್ಟು ಜಾಗ ಬಿಟ್ಟರೂ ಬಿಳಿ ಚೆಂಡಿನ ನೇರ ದಾರಿ ಎಡಕ್ಕೆ 30, ಬಲಕ್ಕೆ 30, ಒಟ್ಟು 60 ಡಿಗ್ರಿಯಷ್ಟು ಮುಚ್ಚಿರುತ್ತದೆ. ಮೂರು ಚೆಂಡಿನ ಜಾಗವಾದರೆ ಸುಮಾರು 29 ಡಿಗ್ರಿಗೆ ಇಳಿಯುತ್ತದೆ, ಅದು ಅಪಾಯ. ಅಂದರೆ ಒಂದು ಚೆಂಡಿನಷ್ಟು ತಪ್ಪಲು ನಿಮಗೆ ಅವಕಾಶವಿದೆ; ಆ ಅವಕಾಶವನ್ನು ಕುಶನ್ ಮುಟ್ಟುವ ವೇಗಕ್ಕೆ ಖರ್ಚು ಮಾಡಿ.

ಟೇಬಲ್ ಮೇಲೆ ಬಗ್ಗುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಸಿದ್ಧವಿರಲಿ: ಕುಶನ್ ಮುಟ್ಟುವ ಚೆಂಡು ಯಾವುದು? ಬಿಳಿ ನಿಲ್ಲಬೇಕು, ಇನ್ನೊಂದು ಓಡಬೇಕು ಎಂದಾದರೆ ಸ್ಟಾಪ್ ಶಾಟ್ ಆಡಿ. ಚೆಂಡಿಗೆ ನೇರವಾಗಿ, ಪೂರ್ತಿ ತಾಗಿಸಬೇಕು. ಬಿಳಿ ಚೆಂಡಿಗೆ ನಡುವಿಗಿಂತ ತುಸು ಕೆಳಗೆ ಏಟು ಬೀಳಬೇಕು. ದೂರ ಹೆಚ್ಚಿದಷ್ಟೂ ಇನ್ನಷ್ಟು ಕೆಳಗೆ, ಅಥವಾ ಇನ್ನಷ್ಟು ಬಿರುಸಾಗಿ. ಇದಕ್ಕೆ ತದ್ವಿರುದ್ಧವಾಗಿ, ಬಿಳಿ ಓಡಬೇಕು, ಇನ್ನೊಂದು ಅಲ್ಲೇ ಉಳಿಯಬೇಕು ಎಂದಾದರೆ ತೆಳುವಾಗಿ ಸವರಿಸಿ. ತೀರಾ ಅಂಚನ್ನು ಹುಡುಕಬೇಡಿ, ಪೂರ್ತಿ ತಪ್ಪಿದರೆ ಅದೂ ಫೌಲೇ. ಕಾಲು ಚೆಂಡಿನಷ್ಟು ದಪ್ಪ ಸಾಕು. ಅರ್ಧ ಚೆಂಡಿಗೆ ತಾಗಿಸಿದರೆ ಎರಡೂ ಚೆಂಡುಗಳು ಓಡುತ್ತವೆ, ಎರಡು ವೇಗಗಳನ್ನು ಒಟ್ಟಿಗೆ ಅಳೆಯುವುದು ಹವ್ಯಾಸಿಗಳಿಗೆ ಕಷ್ಟ. ಕುಶನ್‌ಗೆ ಹೋಗುವ ಚೆಂಡು ಮುಟ್ಟಿ ಒಂದು ಗೇಣು ವಾಪಸ್ ಬರುವಷ್ಟು ವೇಗ ಕೊಡಿ. ‘ಮುಟ್ಟಿದರೆ ಸಾಕು’ ಎಂದು ಹೊಡೆದ ಚೆಂಡು ಬಟ್ಟೆ ಸ್ವಲ್ಪ ನಿಧಾನವಾಗಿದ್ದರೂ ಮುಟ್ಟುವುದಿಲ್ಲ.

ಸೇಫ್ಟಿ ಆಡುವುದೇ ಹೇಡಿತನ ಎನ್ನುವವರ ಜೊತೆ ವಾದ ಬೇಡ. ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್ನಿನ ಹವ್ಯಾಸಿ ಲೀಗ್‌ಗಳಲ್ಲಿ ಸ್ಕೋರ್ ಬರೆಯುವವರು ಡಿಫೆನ್ಸಿವ್ ಶಾಟ್‌ಗಳನ್ನು ಬೇರೆಯಾಗಿಯೇ ಗುರುತು ಹಾಕುತ್ತಾರೆ, ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟಕ್ಕೆ ತಕ್ಕಂತೆ ಪಂದ್ಯವನ್ನು ಸರಿದೂಗಿಸುವ) ಲೆಕ್ಕಕ್ಕೆ ಅದು ಬೇಕು. ಆಟದ ಭಾಗವಲ್ಲದಿದ್ದರೆ ಬರೆದಿಡುತ್ತಿರಲಿಲ್ಲ.

ಸಣ್ಣ ಟೂರ್ನಮೆಂಟ್‌ಗಳಲ್ಲಿ ಪ್ರತಿ ಟೇಬಲ್‌ಗೂ ರೆಫರಿ ಇರುವುದಿಲ್ಲ. ಅನುಮಾನದ ಶಾಟ್ ಬಂದರೆ ಆಟ ನಿಲ್ಲಿಸಿ, ಇಬ್ಬರೂ ಒಪ್ಪುವ ಮೂರನೆಯವರನ್ನು ನೋಡಲು ಕರೆಯಿರಿ. ಕರೆಯದೆ ಬಿಟ್ಟರೆ ತೀರ್ಮಾನ ಸಾಮಾನ್ಯವಾಗಿ ಹೊಡೆದವರ ಪರವಾಗುತ್ತದೆ, ಆದರೂ ಆಯೋಜಕರ ನಿಯಮವೇನೆಂದು ಮೊದಲ ಪಂದ್ಯಕ್ಕೆ ಮುಂಚೆಯೇ ಕೇಳಿಕೊಳ್ಳುವುದು ಒಳ್ಳೆಯದು. ನೈನ್ ಬಾಲ್‌ನಲ್ಲಿ ಸತತ ಮೂರು ಫೌಲ್‌ಗೆ ರ್ಯಾಕ್ (ಪಂದ್ಯದ ಆ ಒಂದು ಆಟ) ಸೋಲುವ ನಿಯಮವಿದೆಯೇ ಎಂಬುದನ್ನೂ ಕೇಳಿ. ಇದ್ದರೆ, ಎದುರಾಳಿಗೆ ಎರಡು ಫೌಲ್ ಆದಾಗ ‘ಎರಡಾಯ್ತು’ ಎಂದು ಅವರ ಮುಂದಿನ ಶಾಟ್‌ಗೆ ಮುಂಚೆ ಕೇಳಿಸುವಂತೆ ಹೇಳಿ. ಹೇಳದಿದ್ದರೆ ಅವರ ಮೂರನೆಯ ಫೌಲ್ ಎರಡನೆಯದೆಂದೇ ಗಣನೆಯಾಗುತ್ತದೆ.