ಬೋರ್ನಿಯೊ ಕಪ್ಪೆ ಕಾಲು ಬೀಸೋದು ಯಾರಿಗೆ?

ಪ್ರಶ್ನೆ: ಬೋರ್ನಿಯೊ ದ್ವೀಪದ ಕಪ್ಪೆಯೊಂದು ಹಿಂಗಾಲೆತ್ತಿ ಟಾಟಾ ಮಾಡೋ ವಿಡಿಯೋ ನೋಡ್ದೆ. ಕಪ್ಪೆ ಅಂದ್ಮೇಲೆ ವಟಗುಟ್ಬೇಕಲ್ವಾ, ಇದಕ್ಕೆ ಬಾಯಿಲ್ವಾ?

ಬಾಯಿದೆ, ಚೆನ್ನಾಗೇ ಕೂಗುತ್ತೆ. ಇದು ಸ್ಟಾರೊಯ್ಸ್ ಅನ್ನೋ ಗುಂಪಿನ ಕಪ್ಪೆ, ಕಾಡಿನ ಹೊಳೆ ಪಕ್ಕದ ಬಂಡೆ ಮೇಲೆ ಹಗಲಲ್ಲೇ ಕೂತಿರುತ್ತೆ. ತೊಂದರೆ ಏನಪ್ಪಾ ಅಂದ್ರೆ ಹೊಳೆ ಸದ್ದು. ಮಿಕ್ಸಿ ಓಡ್ತಿರುವಾಗ ಅಡುಗೆಮನೆಯಿಂದ ಕೂಗಿದ್ರೆ ಹಾಲ್‌ನಲ್ಲಿರೋರಿಗೆ ಅರ್ಧಂಬರ್ಧ ಕೇಳುತ್ತಲ್ಲ, ಆಗ ಕೈಸನ್ನೆ ಮಾಡ್ತೀವಲ್ಲ, ಹಾಗೇ ಇದೂ. ಇದರಲ್ಲಿ ಸ್ಟಾರೊಯ್ಸ್ ಪಾರ್ವಸ್ ಅಂತ ಒಂದು ಪುಟಾಣಿ ಇದೆ, ಗಂಡು ಸುಮಾರು ಎರಡೇ ಸೆಂಟಿಮೀಟರು, ಅದರ ಕೂಗು ನೀರಿನ ಭೋರ್ಗರೆತಕ್ಕಿಂತ ತುಂಬಾ ಕೀಚಲು, ಆದ್ರೂ ಅದೊಂದನ್ನೇ ನಂಬ್ಕೊಂಡು ಕೂರಲ್ಲ, ಕಾಲನ್ನ ಮೇಲಕ್ಕೆತ್ತಿ ಬೆರಳಗಲಿಸಿ ನಡುವಿನ ಬಿಳಿ ಪೊರೆ ತೋರಿಸಿ ಅರ್ಧ ಸುತ್ತು ತಿರುಗಿಸಿ ಇಳಿಸುತ್ತೆ, ಕಪ್ಪು ಬಂಡೆ ಮೇಲೆ ಅದು ಪಳ್ ಅಂತ ಕಾಣುತ್ತೆ.

ಹಾಗಾದ್ರೆ ಕೂಗೋದ್ಯಾಕೆ? "ಏಯ್, ಈ ಕಡೆ ನೋಡು" ಅನ್ನೋಕೆ. ಗ್ರಾಫೆ ಮತ್ತೆ ವಾಂಗರ್ ಅನ್ನೋ ಸಂಶೋಧಕರು ಇದೇ ಗುಂಪಿನ ಸ್ಟಾರೊಯ್ಸ್ ಗಟ್ಟಾಟಸ್ ಅನ್ನೋ ಜಾತಿ ಬಗ್ಗೆ 2007ರಲ್ಲಿ ಬರೆದಿದ್ದೂ ಅದನ್ನೇ, ಕೂಗು ಗಮನ ಸೆಳೆಯೋಕೆ, ಕಾಲು ವಿಷಯ ಹೇಳೋಕೆ. ಆ ಜಾತೀಲಿ ಹೆಣ್ಣೂ ಕಾಲು ಬೀಸುತ್ತೆ ಅನ್ನೋದು ಇನ್ನೊಂದು ಮಜಾ.

ಬಹಳ ಜನ ಇದನ್ನ ಹೆಣ್ಣಿಗೆ ಲೈನ್ ಹೊಡೆಯೋದು ಅಂದ್ಕೋತಾರೆ. ಗಂಡುಗಳ ನಡುವೆ ನಡೆಯೋದು ಹೆಚ್ಚಾಗಿ ಜಾಗದ ಜಗಳ, "ಇದು ನನ್ನ ಬಂಡೆ, ಹತ್ರ ಬಂದ್ರೆ ನೋಡು" ಅಂತ, ಮೈಕೈ ಮುಟ್ಟದೇ ಮುಗಿಸೋ ಜಗಳ. ವಿಯೆನ್ನಾ ಝೂನಲ್ಲಿ ಸಾಕಿದ ಕಪ್ಪೆಗಳಿಗೆ ಟೆಸ್ಟೋಸ್ಟೆರೋನ್ ಅನ್ನೋ ಗಂಡು ಹಾರ್ಮೋನ್ ಕೊಟ್ಟಾಗ ಕಾಲು ಬೀಸೋದು ಜಾಸ್ತಿ ಆಯ್ತು ಅಂತ 2016ರಲ್ಲಿ ವರದಿ ಆಗಿತ್ತು.

ಇದನ್ನ ನೋಡೋಕೆ ಬೋರ್ನಿಯೊಗೇ ಹೋಗ್ಬೇಕಂತಿಲ್ಲ. ಚಾರ್ಮಾಡಿ ಘಾಟಿ ಇಳಿಯೋ ಮುಂಚೆ ನೀರ್‌ದೋಸೆಗೆ ನಿಲ್ಲಿಸ್ತೀವಲ್ಲ ಕೊಟ್ಟಿಗೆಹಾರ, ಆ ಊರಿನ ಹೆಸರಲ್ಲೇ ಒಂದು ಕಪ್ಪೆ ಇದೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್, 1937ರಲ್ಲಿ ನಮ್ಮ ಪ್ರಾಣಿವಿಜ್ಞಾನಿ ಸಿ.ಆರ್. ನಾರಾಯಣ ರಾವ್ ಹೆಸರಿಟ್ಟಿದ್ದು. ಅದೂ ಹಳ್ಳದ ಒದ್ದೆ ಬಂಡೆ ಮೇಲೆ ಕೂತು ಕಾಲು ಬೀಸುತ್ತೆ. ಇವೆರಡೂ ದಾಯಾದಿಗಳಲ್ಲ, ಕುಟುಂಬಾನೇ ಬೇರೆ. ಸದ್ದು ಮಾಡೋ ನೀರಿನ ಪಕ್ಕ ಮನೆ ಮಾಡ್ಕೊಂಡು ಅಲ್ಲೊಬ್ಬ ಇಲ್ಲೊಬ್ಬ ಬೇರೆಬೇರೆಯಾಗೇ ಈ ಕಾಲ್ಸನ್ನೆ ಕಲ್ತಿದ್ದಾರೆ.